ಉಂಗುರದಲ್ಲಿ ಹಾಯುವ ಶಾಲು

ಮಾರ್ಚ್ ತಿಂಗಳ ತಾರ್ತು. ನದಿಯ ಮಂಜುಗಡ್ಡೆ
ಇನ್ನೂ ಮನಸ್ಸು ಮಾಡಿಲ್ಲ, ಒಡೆಯಲೋ ಬೇಡವೋ.
ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ನಾನು, ಸೂಕ್ಷ್ಮದರ್ಶಕ,
ಗಾಜಿನ ಮೇಲೆ ಹೆಲ್ಯು ಅಜ್ಜಿಯ ಮುಂಗೈ ಚರ್ಮದ ಕೋಶ.

‘ತಗೋ’ ಅಂದಿದ್ದಳು, ತೋಳು ಮಡಚಿ,
‘ಅರ್ಧ ಬಟಾಣಿಯಷ್ಟು ತಾನೆ? ಇಷ್ಟು ವರ್ಷ ಹೊದ್ದಿದ್ದೇನೆ,
ಎಲ್ಲಿ ಸವೆದಿದೆ ನೋಡಿ ಹೇಳು.’

ಒಂದೊಂದು ಕೋಶದಲ್ಲೂ ಎರಡು ಮೀಟರ್ ನೂಲು.
ಹೇಗೋ ತುರುಕಿದ್ದಲ್ಲ. ಪುಟ್ಟ ಪ್ರೋಟೀನಿನ ಉಂಡೆಗೆ
ಎರಡಕ್ಕೆ ಚೂರು ಕಡಿಮೆ ಸುತ್ತು, ಮುಂದಿನ ಉಂಡೆಗೆ ಮತ್ತಷ್ಟು;
ಓದಬೇಕಾದ ಸಾಲು ಸಡಿಲ,
ಓದಬಾರದ್ದನ್ನು ಬಿಗಿದು, ಅಂಚಿಗೊತ್ತಿ,
ಗೋಡೆಗೆ ಹೊಲಿದಿದೆ, ತುಟಿಪಿಟಕ್ಕೆನ್ನದಂತೆ.
ನಾವಿದನ್ನು ಕ್ರೊಮಾಟಿನ್ ಅನ್ನುತ್ತೇವೆ. ಅಜ್ಜಿ ಅನ್ನುವುದು ಮಡಿಕೆ.

ಮಡಿಕೆ ಅವಳಿಗೆ ಗೊತ್ತು. ಹಾಪ್ಸಾಲುವಿನವಳು.
ಅಲ್ಲಿ ಹೆಣೆದ ಶಾಲು ಮದುವೆಯುಂಗುರದಲ್ಲಿ ಹಾಯಬೇಕು,
ಹಾಯದಿದ್ದರೆ ಅದು ಕಂಬಳಿ ಅನ್ನುತ್ತಾರೆ, ನಗುತ್ತಾರೆ.

ಇವತ್ತು ನೀಲಿ ಬಣ್ಣ ಹಾಕಿ ಬೆಳಕು ಹಾಯಿಸಿದೆ.
ಯಾವುದೋ ಹಸುಗೂಸಿನ ಕೋಶ, ಹೋಲಿಕೆಗೆಂದು ತರಿಸಿದ್ದು:
ಗೋಡೆ ದುಂಡಗೆ, ಒಳಗೆ ಒಂದೇ ಸಮನೆ ನೀಲಿ.
ಅಜ್ಜಿಯದು, ಇಬ್ಭಾಗವಾಗಿ ಇಬ್ಭಾಗವಾಗಿ
ಇನ್ನು ಸಾಕೆಂದು ಕೂತದ್ದು,
ಕಾವಲಿಗೆ ಹುಯ್ದ ಹಿಟ್ಟಿನಂತೆ ಅಗಲ,
ಗೋಡೆ ಡೊಂಕು, ಅಂಚಿನ ಹೊಲಿಗೆ ಬಿಟ್ಟಿದೆ.
ನಡುವೆ ಮಾತ್ರ ಅಲ್ಲಲ್ಲಿ ಗಂಟು, ಗಟ್ಟಿ ನೀಲಿ ಚುಕ್ಕೆ.
ಎಣಿಸಿದೆ. ಮೂವತ್ತೊಂದು.

ಮುಪ್ಪೆಂದರೆ ಸಡಿಲವಾಗುವುದು ಅಂದುಕೊಂಡಿದ್ದೆ ನಾನು.
ಬಿಗಿಯಬೇಕಾದಲ್ಲಿ ಬಿಚ್ಚಿ, ಬಿಚ್ಚಬೇಕಾದಲ್ಲಿ ಬಿಗಿದು,
ಒಂದಕ್ಷರವೂ ಅಳಿಯದೆ
ಓದು ಮಾತ್ರ ತಪ್ಪುತ್ತ ಹೋಗುವುದು.
ಬೀಗ ಬಿದ್ದ ಸಾಲುಗಳಿದ್ದವಲ್ಲ,
ಯಾವ ಕಾಲದಲ್ಲೋ ಹೊಕ್ಕ ವೈರಸ್ಸುಗಳ ಪಳೆಯುಳಿಕೆ,
ಲಕ್ಷಾಂತರ ವರ್ಷ ತೆಪ್ಪಗಿದ್ದಂಥವು,
ಗೋಡೆ ಸಡಿಲವಾದದ್ದೇ ತಡ, ಎದ್ದು ಗೊಣಗುತ್ತವೆ.
ಯಾರೋ ನುಗ್ಗಿದರೆಂದು ಕೋಶ ಗಂಟೆ ಬಾರಿಸುತ್ತದೆ.
ನುಗ್ಗಿದವರಿಲ್ಲ. ಎಲ್ಲ ಮನೆಯವರೇ.

ಹೋದ ಭಾನುವಾರ ಬಸ್ಸು ಹಿಡಿದು ಹೋಗಿದ್ದೆ.
ಅಜ್ಜಿಗೆ ನನ್ನ ಹೆಸರು ಸಿಗಲಿಲ್ಲ.
ಮಾರೆ, ಮಾಲ್ಲೆ... ಹುಡುಕಿ ಕೈಬಿಟ್ಟಳು. ಕಾಫಿ ಆರಿತು.
ಆಮೇಲೆ, ಈ ಮನೆಯೊಳಗೆ ಒಮ್ಮೆಯೂ ಆಡದ ರಷ್ಯನ್ನಿನಲ್ಲಿ
ಎಣಿಸತೊಡಗಿದಳು: ಅದೀನ್, ದ್ವಾ, ತ್ರೀ...
ಏನಜ್ಜೀ ಅದು?
‘ಬೋಗಿಯಲ್ಲಿದ್ದವರು. ದಿನಾ ಬೆಳಿಗ್ಗೆ ಎಣಿಸಿ ಒಪ್ಪಿಸಬೇಕು.
ಎಲ್ಲರಿಗಿಂತ ಚಿಕ್ಕವಳು ನಾನು, ನನಗೇ ಹಚ್ಚಿದರು.’
ಹತ್ತೊಂಬತ್ತರಲ್ಲಿ ನಿಂತಳು. ಇಪ್ಪತ್ತು ಬರಲಿಲ್ಲ.
ಮತ್ತೆ ಒಂದರಿಂದ.
ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಅಮ್ಮ
‘ನನಗೂ ಹೇಳಿರಲಿಲ್ಲ’ ಅಂದಳು, ಯಾರಿಗೋ.

ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಗೊತ್ತು.
‘ಚರ್ಮಕ್ಕೆ ಸೈಬೀರಿಯ ನೆನಪಿರುವುದಿಲ್ಲ,
ಉಪಮೆಗೆ ಗಂಟುಬೀಳಬೇಡ’ ಅನ್ನುತ್ತಾನೆ ಉರ್ಮಾಸ್.
ಪಕ್ಕದ ಕೋಣೆಯಲ್ಲಿ ಅವನ ಕೆಲಸ:
ಮುದಿಕೋಶದ ಮಡಿಕೆ ಬಿಡಿಸಿ ಎಳೆಯದರಂತೆ ಮತ್ತೆ ಮಡಿಸುವುದು.
ನಾಲ್ಕು ಹನಿ ಹೆಚ್ಚಾದರೆ
ಕೋಶ ತಾನು ಚರ್ಮವೆಂಬುದನ್ನೇ ಮರೆಯುತ್ತದಂತೆ.

ಹೊರಡುವ ಮುಂಚೆ ಅಜ್ಜಿ ಶಾಲು ತೆಗೆದಳು.
ಹಾಯಿಸಿ ತೋರಿಸಲು ಉಂಗುರ ಕಳಚಬೇಕು,
ಗಿಣ್ಣು ಊದಿತ್ತು, ಬರಲಿಲ್ಲ.
ನಾನೇ ಹೆಬ್ಬೆರಳು ತೋರುಬೆರಳು ಕೂಡಿಸಿ ಹಿಡಿದೆ.
ಹಾಯಿತು, ಹಾಯಿತು, ಅರ್ಧದಲ್ಲಿ ಸಿಕ್ಕಿತು.
ಎಂದೋ ಹರಿದದ್ದಕ್ಕೆ ಹಾಕಿದ ಗಂಟು.
‘ಎಳೀಬೇಡ, ತಡಿ’ ಅಂದಳು,
ಬೆರಳ ತುದಿಯಿಂದ ಅದನ್ನು ತಡವುತ್ತ,
ಬಸ್ಸಿಗೆ ಹೊತ್ತಾಗುವ ತನಕ.

ದೀಪ ಆರಿಸುತ್ತೇನೆ.
ನೋಡಿದಷ್ಟೂ ಮಾಸುವ ಬಣ್ಣ ಇದು.